ಇಂಡಿ ಬಸ್ಸು ಹತ್ತಿದ ಲಿಂಬೆಹಣ್ಣು

ಲಿಂಬೆಹಣ್ಣು ಎಸೆಯುವುದರಲ್ಲಿ ಏನು ಮಹಾ ಇದೆ? ಹಣ್ಣು ಚಿಕ್ಕದು, ಕೈ ದೊಡ್ಡದು. ಹಿಡಿಯಬೇಕು, ಎಸೆಯಬೇಕು. ಬಿದ್ದಲ್ಲಿಗೆ ಹೋಗಬೇಕು, ಎತ್ತಿಕೊಂಡು ಮತ್ತೆ ಎಸೆಯಬೇಕು. ಇಷ್ಟೇ! ಎಪ್ಪತ್ತರ ದಶಕದ ಆ ಒಂದು ಪಂಚಮಿಯ ತನಕ ನಾನು ಹೀಗೆಯೇ ತಿಳಿದುಕೊಂಡಿದ್ದೆ.

ನನ್ನದು ಸಿಂದಗಿಯಲ್ಲಿ ಹಗ್ಗದ ಅಂಗಡಿ. ನೈಲಾನ್ ಹಗ್ಗ ಆಗಿನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಎತ್ತಿನ ಮೂಗುದಾರದಿಂದ ಹಿಡಿದು ಬಾವಿಯ ಹಗ್ಗದವರೆಗೆ ಎಲ್ಲಕ್ಕೂ ಪುಂಡಿನಾರೇ ಗತಿ. ನಾಗರ ಪಂಚಮಿ ಬಂತೆಂದರೆ ಓಣಿ ಓಣಿಯಲ್ಲೂ ಜೋಕಾಲಿ ಕಟ್ಟುತ್ತಾರೆ, ನನ್ನ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಹಗ್ಗ ಮಾರುವವನೂ ನಾನೇ, ಹೋಗಿ ಕಟ್ಟಿಕೊಡುವವನೂ ನಾನೇ. ಹಗ್ಗದ ತುದಿಗೆ ಕಲ್ಲು ಕಟ್ಟಿ ಬೇವಿನ ಮರದ ಮೇಲಿನ ಟೊಂಗೆಗೆ ಒಂದೇ ಏಟಿಗೆ ಎಸೆದು ದಾಟಿಸುತ್ತಿದ್ದೆ. ಕೆಳಗೆ ನಿಂತ ಹೆಣ್ಣುಮಕ್ಕಳು, "ಸಂಗಪ್ಪಣ್ಣನ ಕೈ ಅಂದ್ರ ಕೈ!" ಎನ್ನುತ್ತಿದ್ದರು. ಆ ಹೊಗಳಿಕೆಯೇ ನನ್ನನ್ನು ಕೆಡಿಸಿತು.

ನಮ್ಮ ಕಡೆ ಪಂಚಮಿಯ ಮರುದಿನ ಗಂಡಸರಿಗೆ ಒಂದು ನಮೂನೆಯ ಹುಚ್ಚು ಹಿಡಿಯುತ್ತದೆ. ಒಬ್ಬ ಕಣ್ಣು ಕಟ್ಟಿಕೊಂಡು ಪಕ್ಕದೂರು ಕನ್ನೊಳ್ಳಿಗೆ ನಡೆದು ಹೋಗುತ್ತೇನೆನ್ನುತ್ತಾನೆ. ಇನ್ನೊಬ್ಬ ಕುಂಟುಗಾಲಿನಲ್ಲಿ ಹಳ್ಳ ದಾಟುತ್ತೇನೆನ್ನುತ್ತಾನೆ. ಮತ್ತೊಬ್ಬ ಜೋಳದ ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಎತ್ತುತ್ತೇನೆನ್ನುತ್ತಾನೆ. ಓಣಿಗೆ ಓಣಿ, ಊರಿಗೆ ಊರು ಪಣ ಕಟ್ಟುತ್ತವೆ. ಇವೆಲ್ಲದರಲ್ಲಿ ದೊಡ್ಡದು ಲಿಂಬೆಹಣ್ಣಿನ ಎಸೆತ. ಈ ಊರಿನಿಂದ ಆ ಊರಿಗೆ ಇಷ್ಟು ಎಸೆತದಲ್ಲಿ ಹಣ್ಣು ಮುಟ್ಟಿಸುತ್ತೇನೆ ಎಂದು ಪಣ. ಹಣ್ಣು ಬಿದ್ದಲ್ಲಿಂದಲೇ ಮುಂದಿನ ಎಸೆತ. ಮುಳ್ಳಿನಲ್ಲಿ ಬಿದ್ದರೆ ಮುಳ್ಳಿನಲ್ಲಿ ನಿಲ್ಲಬೇಕು, ಕೆಸರಿನಲ್ಲಿ ಬಿದ್ದರೆ ಕೆಸರಿನಲ್ಲಿ. ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಹೋದರೂ ಸೋತಂತೆ.

ಆ ವರ್ಷ ನನ್ನ ಹೆಂಡತಿ ನೀಲವ್ವನನ್ನು ಪಂಚಮಿಗೆ ಕರೆದೊಯ್ಯಲು ಅವಳ ತಮ್ಮ ಭೀಮಶಿ ಮಡ್ಡಿಹಾಳದಿಂದ ಬಂದ. ಮಡ್ಡಿಹಾಳ ಇಂಡಿ ರಸ್ತೆಯಲ್ಲಿದೆ. ಎತ್ತಿನ ಗಾಡಿಯಲ್ಲಿ ಕುಳಿತು ಒಂದು ನಿದ್ದೆ ತೆಗೆದು ಏಳುವಷ್ಟು ದೂರ. ಊರು ಸಣ್ಣದು, ಜಂಬ ದೊಡ್ಡದು. ಅವರಲ್ಲಿ ಒಂದು ಗುಂಡುಕಲ್ಲಿದೆ. ಹಿಂದಿನ ವರ್ಷ ಅದನ್ನು ಎತ್ತಲು ಹೋಗಿದ್ದ ನಮ್ಮ ಓಣಿಯ ಪೈಲ್ವಾನನನ್ನೇ ಕೊನೆಗೆ ನಾಲ್ಕು ಜನ ಎತ್ತಿಕೊಂಡು ಬಂದಿದ್ದರು.

ಭೀಮಶಿ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ, ಹತ್ತು ಜನರ ನಡುವೆ, ಕಾಲು ಇಳಿಬಿಟ್ಟುಕೊಂಡು ಕುಳಿತು ಕೇಳಿದ:

"ಏನ್ರಿ ಮಾಮಾ, ಈ ವರ್ಷರ ನಿಮ್ಮ ಓಣ್ಯಾಗ ಏನರ ಎತ್ತವರು ಅದಾರೋ, ಇಲ್ಲಾ ಹ್ವಾದ ವರ್ಷದಂಗ ಬರೇ ಚಾದ ಕಪ್ಪ ಎತ್ತತೀರೋ?"

ಕಟ್ಟೆಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು. ತಮ್ಮ ಮನೆಯ ಅಳಿಯ ಎಂಬ ಮರ್ಯಾದೆ ಬೇಡವೇ? ನನ್ನ ಮೈ ಉರಿದುಹೋಯಿತು.

"ಕಲ್ಲ ಎತ್ತೂದೇನ್ ದೊಡ್ಡದಲೇ ಭೀಮಶಿ? ಒಗಿಯೂದು ನೋಡು! ಈ ಕಟ್ಟಿಯಿಂದ ನಿಮ್ಮೂರ ಹಣಮಪ್ಪನ ಗುಡಿ ಮಟ ನೂರು ಎಸತದಾಗ ಲಿಂಬಿ ಹಣ್ಣ ಮುಟ್ಟಸ್ತೇನಿ!"

"ಮುಟ್ಟಸಿದ್ರ ನಮ್ಮ ಗುಂಡ ನಿಮ್ಮ ಅಗಸಿಗೆ ತಂದ ಇಡ್ತೇವಿ. ಸೋತ್ರ ನೀವೇನ್ ಕೊಡ್ತೀರಿ?"

"ನಮ್ಮ ಓಣಿ ಹಲಗಿ ಕೊಡ್ತೇವಿ!"

ಕಟ್ಟೆಯ ಮೇಲೆ ಒರಗಿದ್ದವರೆಲ್ಲ ನೆಟ್ಟಗೆ ಎದ್ದು ಕುಳಿತರು. ನಮ್ಮ ಓಣಿಯ ಹಲಗೆಯೆಂದರೆ ಸಾಮಾನ್ಯ ವಾದ್ಯವಲ್ಲ. ಹೋಳಿ ಹುಣ್ಣಿಮೆಗೆ ಬೆಂಕಿಗೆ ಕಾಯಿಸಿ ಬಾರಿಸಿದರೆ ಹಳ್ಳದಾಚೆಗೂ ಕೇಳುತ್ತಿತ್ತು. ಹಲಗೆ ಇಲ್ಲದ ಓಣಿ ಹೋಳಿಯಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕು. ಅದನ್ನು ಬಾರಿಸುವವರು, ಒರೆಸುವವರು, ಮಳೆ ಬಂದರೆ ತಮ್ಮ ಹಾಸಿಗೆ ಬಿಟ್ಟು ಅದನ್ನು ಬೆಚ್ಚಗೆ ಇಡುವವರು ಮಲಕಾಜಪ್ಪ ಕಾಕಾ. ಓಣಿಗೆಲ್ಲ ಹಿರಿಯರು. ಅವರು ಬಾಯಲ್ಲಿದ್ದ ಎಲೆ-ಅಡಿಕೆ ಉಗುಳಿ ನನ್ನ ಕಡೆ ತಿರುಗಿದರು.

"ಸಂಗ್ಯಾ, ಹಲಗಿ ನಿಮ್ಮಪ್ಪಂದೇನಲೇ?"

"ಅಲ್ರಿ ಕಾಕಾ."

"ಮತ್ತ ಪಣಕ್ಕ ಯಾಕ ಇಟ್ಟಿ?"

"ಬಾಯಾಗ ಬಂತ್ರಿ."

"ಬಾಯಾಗ ಬಂದದ್ದು ಇನ್ನ ಕೈಯಾಗೂ ಬರಬೇಕು ಮಗನ. ಈಗ ಹಿಂದ ಸರದ್ರ ಓಣಿ ಮಾನ ಹೊಕ್ಕೈತಿ. ಹಲಗಿ ಹೋತಂದ್ರ ಹೋಳಿಗೆ ನಿನ್ನ ಬೆನ್ನ ಬಾರಸ್ತೇನಿ, ನೆನಪಿರಲಿ!"

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ನೀಲವ್ವ ತವರಿಗೆ ಹೊರಡಲು ಗಂಟು ಕಟ್ಟುತ್ತಿದ್ದಳು.

"ನಿಮಗ್ಯಾಕ ಬೇಕಾಗಿತ್ತ್ರಿ ಇದು? ಮೊನ್ನೆ ನಾಯಿಗೆ ಕಲ್ಲ ಒಗದ್ರಿ, ನಮ್ಮ ನೀರಿನ ಕೊಡಾ ಒಡೀತು."

"ಅದು ಕಲ್ಲು, ಇದು ಹಣ್ಣು. ನಿನಗ ತಿಳಿಯೂದಿಲ್ಲ."

"ನನಗ ತಿಳಿಯೂದೂ ಬ್ಯಾಡ. ಭೀಮಶಿ ಈ ಸಲ ನನಗ ಇಳಕಲ್ ಸೀರಿ ತಂದಿಟ್ಟಾನಂತ. ಎಷ್ಟ ವರ್ಷಾತು ನಾ ಕೇಳಾಕತ್ತು! ನಿಮ್ಮ ಹಲಗಿ ಗದ್ದಲದಾಗ ನನ್ನ ಹಬ್ಬ ಕೆಡಸಬ್ಯಾಡ್ರಿ."

ಇಷ್ಟು ಹೇಳಿ ಅವಳು ತಮ್ಮನ ಜೊತೆ ಗಾಡಿ ಹತ್ತಿದಳು. ನನ್ನ ಕೈಯ ಬಗ್ಗೆ ಅವಳಿಗೆ ಒಂದು ಚೂರೂ ನಂಬಿಕೆ ಇಲ್ಲವಲ್ಲ ಎಂದು ನನಗೆ ಬಹಳ ಬೇಜಾರಾಯಿತು.

ಪಂಚಮಿಯ ಮರುದಿನ ಮುಂಜಾನೆ ಕಟ್ಟೆಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಕನ್ನೊಳ್ಳಿಯಿಂದಲೂ ಜನ ನೋಡಲು ಬಂದಿದ್ದರು. ನಾನು ಮಡಿ ಧೋತರ ಉಟ್ಟು, ರುಮಾಲು ಸುತ್ತಿ, ಕೊರಳಲ್ಲಿ ಮಾಲೆ ಹಾಕಿಸಿಕೊಂಡು ನಿಂತಿದ್ದೆ. ಇನ್ನೂ ಒಂದು ಎಸೆತವೂ ಆಗಿರಲಿಲ್ಲ, ಮಾಲೆ ಮಾತ್ರ ಬಿದ್ದಾಗಿತ್ತು! ಮಡ್ಡಿಹಾಳದ ಪರವಾಗಿ ಎಣಿಸಲು ಭೀಮಶಿ ಕೊಡೆ ಹಿಡಿದುಕೊಂಡು ಬಂದಿದ್ದ. ಮಲಕಾಜಪ್ಪ ಕಾಕಾ ತಾವೇ ಆರಿಸಿದ ಒಂದು ಗಟ್ಟಿ ಹಸಿರು ಹಣ್ಣಿಗೆ ಗುರುತಿಗೆಂದು ಮೂರು ಬೆರಳು ವಿಭೂತಿ ಎಳೆದು ನನ್ನ ಕೈಗಿತ್ತರು.

"ಸಂಗ್ಯಾ, ಅಗಸಿ ಎತ್ತರ ಐತಿ. ಬಾಗಲದಾಗಿಂದ ಹಾಯ್ಸಿ ಒಗಿ. ಮ್ಯಾಲ ಒಗಿಬ್ಯಾಡ."

ಅಗಸಿ ಎಂದರೆ ನಮ್ಮ ಓಣಿಯ ಹಳೆಯ ಕಲ್ಲಿನ ಹೆಬ್ಬಾಗಿಲು. ಅದರ ಬಾಗಿಲಿನಲ್ಲಿ ಹಾಯಿಸಿ ಎಸೆಯಲು ನಾನೇನು ಗೋಲಿ ಆಡುವ ಹುಡುಗನೇ? ಬೇವಿನ ಮರದ ತುದಿ ಕಂಡವನು! ಕಾಕಾನ ಹಲಗೆ ಗುಡುಗಿತು. ನಾನು ನಾಲ್ಕು ಹೆಜ್ಜೆ ಓಡಿ, ಎಡಗಾಲು ಊರಿ, ಆಕಾಶಕ್ಕೆ ಬೀಸಿದೆ. ಹಣ್ಣು ಏರಿತು. ಇನ್ನೂ ಏರಿತು. ಆಮೇಲೆ ಸುಸ್ತಾಗಿ ಇಳಿದು, ಅಗಸಿಯ ನೆತ್ತಿಯ ಮೇಲೆ ಬೆಳೆದಿದ್ದ ಹುಲ್ಲಿನಲ್ಲಿ ಕುಳಿತುಕೊಂಡಿತು.

"ಬಿದ್ದಲ್ಲಿಂದನ ಒಗಿಬೇಕ್ರಿ ಮಾಮಾ," ಎಂದ ಭೀಮಶಿ. ಅವನ ದನಿಯಲ್ಲಿ ಎಷ್ಟು ವಿನಯ!

ಶ್ರಾವಣದ ಮಳೆಗೆ ಅಗಸಿಯ ಕಲ್ಲೆಲ್ಲ ಪಾಚಿಗಟ್ಟಿತ್ತು. ಕೆಳಗಿನಿಂದ ಇಬ್ಬರು ದೂಡಿದರು, ಮೇಲೆ ಪಾರಿವಾಳಗಳು ಕುಕ್ಕಿದವು. ಧೋತರದ ಚುಂಗು ಒಂದು ಕಲ್ಲಿಗೆ ಸಿಕ್ಕಿ ಅಲ್ಲಿಯೇ ಉಳಿಯಿತು. ಅಂತೂ ಮೇಲೆ ಹೋಗಿ ನಿಂತೆ. ತಂಪು ಗಾಳಿ. ಇಡೀ ಓಣಿ ಕತ್ತೆತ್ತಿ ನನ್ನನ್ನೇ ನೋಡುತ್ತಿದೆ. ನಿಜ ಹೇಳುತ್ತೇನೆ, ಕೆಳಗಿನಿಂದ ಎಸೆದಿದ್ದಕ್ಕಿಂತ ಇದೇ ಬರೋಬ್ಬರಿ ಆಯಿತು ಎನಿಸಿತು. ಎತ್ತರದಿಂದ ಎಸೆದರೆ ಹಣ್ಣು ದೂರ ಹೋಗುತ್ತದೆ, ಇದು ಯಾರಿಗೆ ಗೊತ್ತಿಲ್ಲ? ಕಣ್ಣು ಮುಚ್ಚಿ, "ಜೈ ಹಣಮಪ್ಪಾ!" ಎಂದು ರಸ್ತೆಯ ಕಡೆಗೆ ಬೀಸಿದೆ.

ಟಣ್ ಎಂದಿತು.

ಹೊಲದಲ್ಲಿ ಬಿದ್ದ ಹಣ್ಣು ಟಣ್ ಎನ್ನುವುದಿಲ್ಲ. ಕಣ್ಣು ತೆರೆದು ನೋಡಿದೆ. ಸ್ಟ್ಯಾಂಡಿನಿಂದ ಹೊರಟ ಇಂಡಿ ಬಸ್ಸು ಅಗಸಿಯ ಮುಂದೆ ಹಾದುಹೋಗುತ್ತಿತ್ತು. ಅದರ ಟಾಪಿನ ಮೇಲೆ, ಸಾಮಾನು ಕಟ್ಟುವ ಕಂಬಿಗಳ ನಡುವೆ, ನಮ್ಮ ಓಣಿಯ ಮಾನ ಹೊರಳಾಡುತ್ತಿತ್ತು.

ಜನರೆಲ್ಲ ಕತ್ತು ಹೊರಳಿಸಿ ಬಸ್ಸಿನ ಬೆನ್ನು ನೋಡಿದರು. ಆಮೇಲೆ ಗುಂಪಿನಿಂದ ಯಾರೋ ಕೂಗಿದರು: "ಅಲೆಲೆಲೇ! ಬಸ್ಸ ಮಡ್ಡಿಹಾಳದ ಮ್ಯಾಲನ ಹೊಕ್ಕೈತಿ! ಎರಡ ಎಸತಕ್ಕ ಮಡ್ಡಿಹಾಳ!"

ಎಂಥ ಗದ್ದಲ ಎದ್ದಿತು ಅಂತೀರಿ! ನನ್ನನ್ನು ಅಗಸಿಯಿಂದ ಇಳಿಸಿ ಹೆಗಲ ಮೇಲೆ ಹೊತ್ತರು. ಕಾಕಾ ಹಲಗೆ ಬಾರಿಸುತ್ತಾ ಕುಣಿದರು. ಗುಂಡುಕಲ್ಲನ್ನು ಅಗಸಿಯ ಯಾವ ಮಗ್ಗುಲಿಗೆ ಇಡಬೇಕೆಂದು ಅಲ್ಲೇ ಜಗಳ ಶುರುವಾಯಿತು. ನಾನು ಹೆಗಲ ಮೇಲಿಂದಲೇ ಕೈ ಮುಗಿಯುತ್ತಾ, "ಎಲ್ಲಾ ನಿಮ್ಮ ಆಶೀರ್ವಾದ" ಎನ್ನುತ್ತಿದ್ದೆ. ಭೀಮಶಿಯ ಮುಖ ಹುಳ್ಳಗಾಗಿತ್ತು. ಅವನು ತಲೆ ಕೆರೆದುಕೊಂಡು ಮೆಲ್ಲಗೆ ಕೇಳಿದ:

"ಅಲ್ರಿ ಮಾಮಾ, ಅದು ಎಕ್ಸ್‌ಪ್ರೆಸ್ ಬಸ್ ಅಲ್ಲೇನು? ನಮ್ಮೂರಾಗ ಅದು ನಿಂದರೂದಿಲ್ಲಲ್ಲ?"

ಹಲಗೆ ನಿಂತಿತು. ನನ್ನನ್ನು ಹೊತ್ತವರು ಕೆಳಗಿಳಿಸಲಿಲ್ಲ, ಬಿಟ್ಟರು. ನಾನು ಬಿದ್ದಲ್ಲಿಯೇ ಕುಳಿತೆ.

ಮಲಕಾಜಪ್ಪ ಕಾಕಾ ತೀರ್ಪು ಕೊಟ್ಟರು. ಹಣ್ಣು ದಾರಿಯಲ್ಲಿ ಉದುರಿರಬಹುದು, ಆದ್ದರಿಂದ ಓಣಿಯವರೆಲ್ಲ ರಸ್ತೆಯ ಎರಡೂ ಬದಿ ಹುಡುಕುತ್ತಾ ಮಡ್ಡಿಹಾಳದ ತನಕ ಹೋಗಬೇಕು. ಹಲಗೆಯೂ ಜೊತೆಗೆ ಬರುತ್ತದೆ. ಉದುರಿರದಿದ್ದರೆ ಅದು ಇಂಡಿಗೆ ಹೋಗಿರುತ್ತದೆ, ಆದ್ದರಿಂದ ನಾನೂ ಭೀಮಶಿಯೂ ಇಂಡಿಗೆ ಹೋಗಬೇಕು. "ಹಣ್ಣ ಎಲ್ಲೈತಿ ಅಲ್ಲಿಂದ ಒಗಿ. ಹೋಗು!" ಎಂದರು. ಶೇಂಗಾ ಚೀಲ ಹೇರಿಕೊಂಡು ಹೊರಟಿದ್ದ ಒಂದು ಲಾರಿಗೆ ಕೈ ಮಾಡಿ, ಚೀಲದ ಮೇಲೆ ನಾವಿಬ್ಬರೂ ಹತ್ತಿ ಕುಳಿತೆವು. ದಾರಿಯಲ್ಲಿ ಒಂದು ದೊಡ್ಡ ಮಳೆ ಹೊಡೆಯಿತು. ಭೀಮಶಿ ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದ. ಶತ್ರುವಿನ ಕೊಡೆಯ ಕೆಳಗೆ ಕೂರುವ ಪ್ರಸಂಗ ಯಾರಿಗೂ ಬರಬಾರದು!

ಇಂಡಿ ಎಂಥ ಊರು ಎಂಬುದು ನನಗೆ ಇಳಿದ ಮೇಲೆ ನೆನಪಾಯಿತು. ಇಂಡಿ ಲಿಂಬೆಹಣ್ಣಿನ ಸೀಮೆ. ಗಿಡದಲ್ಲಿ ಲಿಂಬೆ, ಗಾಡಿಯಲ್ಲಿ ಲಿಂಬೆ, ಚೀಲದಲ್ಲಿ ಲಿಂಬೆ, ಕಾಲಲ್ಲಿ ಲಿಂಬೆ. ಒಂದು ಲಿಂಬೆಹಣ್ಣನ್ನು ಕಳೆದುಕೊಳ್ಳಲು ನಾನು ಆರಿಸಿಕೊಂಡ ಊರು ಇದು!

ಬಸ್ಸು ಸ್ಟ್ಯಾಂಡಿನಲ್ಲೇ ನಿಂತಿತ್ತು. ಸಿಂದಗಿಗೆ ತಿರುಗಿ ಹೊರಡುವುದಿತ್ತು. ಟಾಪಿನ ಮೇಲೆ ಒಬ್ಬ ಹಮಾಲ ಬುಟ್ಟಿ ಜೋಡಿಸುತ್ತಿದ್ದ. ಕೆಳಗಿನಿಂದ ಕೂಗಿ ಕೇಳಿದೆ.

"ಏ ಯಪ್ಪಾ, ಮ್ಯಾಲೊಂದು ಲಿಂಬಿ ಹಣ್ಣ ಬಿದ್ದಿತ್ತೇನು?"

"ಬಿದ್ದಿತ್ರಿ. ಪಾಪ, ಯಾರದೋ ಉರಳಿ ಬಿದ್ದೈತಿ ಅಂತ ಬುಟ್ಯಾಗ ಹಾಕೇನಿ."

"ಯಾವ ಬುಟ್ಟಿ?"

"ಲಿಂಬಿ ಹಣ್ಣಿನ ಬುಟ್ಟಿರೀ."

"ಅದಽ, ಯಾವ ಲಿಂಬಿ ಹಣ್ಣಿನ ಬುಟ್ಟಿ?"

ಅವನು ಸುತ್ತಲೂ ನೋಡಿದ. ಟಾಪಿನ ತುಂಬ ಬುಟ್ಟಿಗಳು. "ಎಲ್ಲಾವೂ ಲಿಂಬಿ ಹಣ್ಣಿನ್ವ ಅದಾವ್ರೀ," ಎಂದ.

ಮೇಲೆ ಹತ್ತಿ ಒಂದೊಂದೇ ಬುಟ್ಟಿ ಕೆದಕಿದೆ. ಮಳೆಗೆ ಕಾಕಾನ ವಿಭೂತಿ ತೊಳೆದುಹೋಗಿತ್ತು. ಎಲ್ಲ ಹಣ್ಣುಗಳೂ ನನ್ನನ್ನು ನೋಡಿ ನಾನೇ ನಾನೇ ಎನ್ನುವಂತಿದ್ದವು. ನನಗೆ ಅಳುವೇ ಬಂತು. ಆಗ ಭೀಮಶಿ ಕೆಳಗಿನಿಂದ ಕರೆದ:

"ಮಾಮಾ, ಯಾವದರ ಒಂದ ತಗೋರಿ. ನಾ ಏನೂ ಅನ್ನೂದಿಲ್ಲ."

ಎಂಥ ದೊಡ್ಡ ಮನಸ್ಸು! ನಾನು ಇಷ್ಟು ದಿನ ಈ ಹುಡುಗನನ್ನು ತಪ್ಪು ತಿಳಿದುಕೊಂಡಿದ್ದೆನಲ್ಲ ಎಂದುಕೊಂಡು ಒಂದು ಹಣ್ಣು ಹಿಡಿದು ಕೆಳಗಿಳಿದೆ. ಅವನು ಬಹಳ ಮರ್ಯಾದೆಯಿಂದ ಮುಂದುವರಿಸಿದ:

"ಯಾವ ಹಣ್ಣಾದ್ರೂ ಒಗಿಯೂದು ಇಲ್ಲಿಂದನ ಅಲ್ರಿ? ನಮ್ಮೂರು ಅಷ್ಟ ಹಿಂದ ಉಳೀತು."

ಮಡ್ಡಿಹಾಳ ಸಿಂದಗಿಯಿಂದ ಒಂದು ನಿದ್ದೆಯ ದೂರ. ಇಂಡಿಯಿಂದ ಅದು ಎಷ್ಟು ನಿದ್ದೆಯ ದೂರ ಎಂದು ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ. ಆಗಲೇ ಸೋತೆ ಎಂದು ಒಪ್ಪಿಕೊಳ್ಳಬಹುದಿತ್ತು. ಬುದ್ಧಿ ಇದ್ದವರು ಒಪ್ಪಿಕೊಳ್ಳುತ್ತಿದ್ದರು. ಆದರೆ ಮಳೆಯಲ್ಲಿ ಹಲಗೆ ಹೊತ್ತುಕೊಂಡು ರಸ್ತೆಯಲ್ಲಿ ನಡೆದು ಬರುತ್ತಿರುವ ಕಾಕಾನ ನೆನಪಾಯಿತು. ಆ ಮುದುಕನ ಮುಂದೆ ಹೋಗಿ ಏನೆಂದು ಹೇಳಲಿ? ನೂರು ಎಸೆತ ಮುಗಿಯುವ ತನಕ ನಾನು ಎಸೆಯುವವನೇ ಎಂದು ಹಲ್ಲು ಕಚ್ಚಿದೆ.

ಹಣ್ಣು ಇನ್ನೊಮ್ಮೆ ಕಳೆದುಹೋಗಬಾರದಲ್ಲ! ಸ್ಟ್ಯಾಂಡಿನ ಹೊರಗೆ ಕುಂಕುಮ ಮಾರುತ್ತಿದ್ದವಳಲ್ಲಿ ಒಂದು ಪೊಟ್ಟಣ ತೆಗೆದುಕೊಂಡು ಹಣ್ಣಿಗೆ ದಪ್ಪಗೆ ಮೆತ್ತಿದೆ. ಎಲ್ಲಿ ಬಿದ್ದರೂ ಕೆಂಪಗೆ ಕಾಣಬೇಕು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಮೂರನೆಯ ಎಸೆತ ಚಹಾದ ಅಂಗಡಿಯ ಹಾಲಿನ ಪಾತ್ರೆಯಲ್ಲಿ ಬಿತ್ತು.

"ಯಾವನಲೇ ಅಂವ? ಹಾಲ ಒಡದ್ರ ನಿಮ್ಮಪ್ಪ ಕೊಡ್ತಾನೇನು?" ಎಂದು ಅಂಗಡಿಯವನು ಸೌಟು ಹಿಡಿದು ಎದ್ದ.

"ಬಿದ್ದಲ್ಲೆ ನಿಂತು ಒಗಿಬೇಕ್ರಿ ಮಾಮಾ," ಎಂದು ಭೀಮಶಿ ನೆನಪಿಸಿದ.

"ಹಾಲಿನ ಪಾತ್ರ್ಯಾಗ ನಿಂದರ್ಲೇನಲೇ?"

ಅವನು ಸ್ವಲ್ಪ ವಿಚಾರ ಮಾಡಿದ. "ಮಗ್ಗಲಕ ನಿಂದರ್ರಿ, ನಡೀತೈತಿ."

ಹಣ್ಣನ್ನು ಒರೆಸಿ, ಮತ್ತೆ ಕುಂಕುಮ ಹಚ್ಚಿ, ಅಂಗಡಿಯವನ ಬೈಗುಳ ಬೆನ್ನಿಗೆ ಕಟ್ಟಿಕೊಂಡು ಎಸೆಯುತ್ತಾ ಹೊರಟೆ. ಒಂದು ಎಮ್ಮೆಯ ಕೊಂಬಿಗೆ ತಾಗಿತು, ಒಬ್ಬರ ಹಿತ್ತಲಿನ ನೀರಿನ ಬಾನಿಯಲ್ಲಿ ಮುಳುಗಿತು. ಊರು ದಾಟಿದ ಮೇಲೆ ಎರೆ ಹೊಲ. ಮಳೆ ಬಿದ್ದ ಎರೆಮಣ್ಣು ಕಾಲಿಗೆ ಹತ್ತಿದರೆ ಬಿಡುವುದಿಲ್ಲ. ಒಂದೊಂದು ಕಾಲಿಗೂ ಒಂದೊಂದು ಗುಂಡುಕಲ್ಲು ಕಟ್ಟಿದಂತಾಗಿತ್ತು. ಬಲಗೈ ಭುಜದ ಕೀಲಿನಲ್ಲಿ ಕಿರ್ ಎನ್ನತೊಡಗಿತು. ಮೊದಲು ಒಂದು ಹೊಲ ದಾಟುತ್ತಿದ್ದ ಹಣ್ಣು ಆಮೇಲೆ ಒಂದು ಬದು ದಾಟಿತು, ಆಮೇಲೆ ನನ್ನ ನೆರಳನ್ನು ದಾಟಿದರೆ ಹೆಚ್ಚು. ಭೀಮಶಿ ಎಣಿಸುವುದನ್ನು ನಿಲ್ಲಿಸಿ ಜೇಬಿನಿಂದ ಎಳ್ಳುಂಡಿ ತೆಗೆದು ಕೊಟ್ಟ.

"ತಿನ್ರಿ ಮಾಮಾ. ಅಕ್ಕ ಕೊಟ್ಟಾಳ. ಸಾಕ ಬಿಡ್ರಿನ್ನ, ಕೈ ಮುರಕೊಂಡೀರಿ."

ಉಂಡಿ ತಿನ್ನುತ್ತಾ ತಿರುಗಿ ನೋಡಿದೆ. ಇಂಡಿಯ ಹುಣಸೆಮರಗಳು ಇನ್ನೂ ಅಲ್ಲಿಯೇ ಇದ್ದವು. ಅವುಗಳ ನಡುವಿನಿಂದ ಸಿಂದಗಿಗೆ ಹೊರಟ ಅದೇ ಬಸ್ಸು ಬರುತ್ತಿತ್ತು. ನನ್ನ ತಲೆಯಲ್ಲಿ ದೀಪ ಹೊತ್ತಿತು. ಬಂದ ಬಸ್ಸಿನಲ್ಲೇ ಹಣ್ಣು ತಿರುಗಿ ಹೋಗಬಾರದೇಕೆ? ಟಾಪಿನ ಮೇಲೆ ಎಸೆದರೆ ಸೈ! ಮಡ್ಡಿಹಾಳ ದಾಟಿ ಸಿಂದಗಿಗೆ ಹೋದರೂ ಹೋಗಲಿ. ಮತ್ತೆ ಅಗಸಿಯಿಂದ ಶುರು ಮಾಡಿದರಾಯಿತು, ನೂರರಲ್ಲಿ ಇನ್ನೂ ಅರ್ಧದಷ್ಟು ಎಸೆತ ಉಳಿದಿವೆ.

"ಹಿಂದ ಸರಿ ಭೀಮಶಿ!" ಎಂದು ಗರ್ಜಿಸಿ, ಉಳಿದ ಶಕ್ತಿಯನ್ನೆಲ್ಲ ಭುಜಕ್ಕೆ ತಂದು ಬೀಸಿದೆ. ಆದರೆ ಆ ಕೈ ಟಾಪಿನ ಎತ್ತರಕ್ಕೆ ಏಳುವ ಸ್ಥಿತಿಯಲ್ಲಿರಲಿಲ್ಲ. ಹಣ್ಣು ನೇರವಾಗಿ ಕಿಟಕಿಯೊಳಗೆ ಹೋಯಿತು.

ಕುಂಕುಮ ಮೆತ್ತಿದ ಲಿಂಬೆಹಣ್ಣು! ಬಿಳಿ ಅಂಗಿ ತೊಟ್ಟ ಒಬ್ಬ ದಪ್ಪನೆಯ ಸಾಹುಕಾರರ ಮಡಿಲಲ್ಲಿ ಬಿತ್ತು. ಅವರು ಅದನ್ನು ನೋಡಿದರು. ಅಂಗಿಯ ಮೇಲಿನ ಕೆಂಪು ಕಲೆ ನೋಡಿದರು. ಕಿರುಚಿದರು.

"ಮಾಟಾ! ಮಾಟಾ ಮಾಡ್ಯಾರೋ!"

ಬಸ್ಸು ಕಿರ್ರೆಂದು ನಿಂತಿತು. ಮುಂದಿನ ಬಾಗಿಲಿನಿಂದ ಗಂಡಸರು, ಹಿಂದಿನ ಬಾಗಿಲಿನಿಂದ ಹೆಂಗಸರು ಧುಮುಕಿದರು. ಕಂಡಕ್ಟರ್ ಸೀಟಿ ಊದುತ್ತಲೇ ಇಳಿದ. ಸಾಹುಕಾರರು ಎರಡೂ ಕೈ ಮೇಲೆತ್ತಿ ಅಲುಗಾಡದೆ ಕುಳಿತೇ ಇದ್ದರು. ಹಣ್ಣು ಮಡಿಲಲ್ಲಿ ಹಾಗೆಯೇ ಇತ್ತು, ಮುಟ್ಟುವವರು ಯಾರು? ಎಲ್ಲರ ಕಣ್ಣೂ ಕೆಸರಿನಲ್ಲಿ ನಿಂತ ನನ್ನ ಮೇಲೆ ಬಿತ್ತು. ಬಿಚ್ಚಿದ ರುಮಾಲು, ಹರಿದ ಧೋತರ, ಎರಡೂ ಅಂಗೈ ಕುಂಕುಮ. ಮಾಟಗಾರನಿಗೆ ಇನ್ನೇನು ಬೇಕು!

"ಇದು ಪಂಚಮಿ ಆಟರೀ! ಎಸತದ ಹಣ್ಣ್ರಿ!" ಎಂದು ಕೂಗಿದೆ.

"ಸಿಂದಗಿಂದ ಮಡ್ಡಿಹಾಳಕ್ಕ ಒಗಿಯೂ ಹಣ್ಣ ಇದು," ಎಂದು ಭೀಮಶಿಯೂ ಸಾಕ್ಷಿ ಹೇಳಿದ.

"ಸಿಂದಗಿಂದ ಮಡ್ಡಿಹಾಳಕ್ಕ ಒಗಿಯಂವ ಇಂಡ್ಯಾಗ ಏನ ಮಾಡಾಕತ್ತಾನ?" ಎಂದು ಕೇಳಿದ ಕಂಡಕ್ಟರ್.

ಭೀಮಶಿ ನನ್ನ ಕಡೆ ಬೊಟ್ಟು ಮಾಡಿದ, ನಾನು ಬಸ್ಸಿನ ಟಾಪಿನ ಕಡೆ. ಕೊನೆಗೆ ಒಬ್ಬ ಅಜ್ಜಿ ಮುಂದೆ ಬಂದು ಪರಿಹಾರ ಹೇಳಿದಳು. ಮಾಟ ಮಾಡಿದವನೇ ಹಣ್ಣು ಎತ್ತಿಕೊಳ್ಳಬೇಕು, ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬೇಕು, ತನ್ನ ನೆಲ ಮುಟ್ಟುವ ತನಕ ಬಿಡಬಾರದು. ಹಾಗೆ ಮಾಡಿದರೆ ಮಾಟ ಮಾಡಿದವನಿಗೇ ತಿರುಗುತ್ತದೆ. ಎಲ್ಲರಿಗೂ ಒಪ್ಪಿಗೆಯಾಯಿತು. ನನ್ನನ್ನು ಎಳೆದು ಬಸ್ಸು ಹತ್ತಿಸಿ, ಹಣ್ಣನ್ನು ನನ್ನಿಂದಲೇ ಎತ್ತಿಸಿ, ಇಬ್ಬರು ನನ್ನ ಮುಷ್ಟಿಯ ಮೇಲೆ ಕಾವಲು ಕುಳಿತರು.

"ಮಾಮಾ," ಎಂದ ಭೀಮಶಿ ಕಿವಿಯಲ್ಲಿ, "ಹಣ್ಣ ಕೈಯಾಗ ಐತಿ. ಬಸ್ಸ ಮುಂದ ಹೊಂಟೈತಿ."

"ಗೊತ್ತೈತಿ ಸುಮ್ಮಿರಲೇ," ಎಂದೆ. ಅವನಿಗೂ ಗೆದ್ದ ಸಂತೋಷ ಇದ್ದಂತೆ ಕಾಣಲಿಲ್ಲ. ಕೊಡೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕುಳಿತ.

ಆ ಎಕ್ಸ್‌ಪ್ರೆಸ್ ಬಸ್ಸು ಹುಟ್ಟಿದ ಮೇಲೆ ಮೊದಲ ಸಲ ಮಡ್ಡಿಹಾಳದಲ್ಲಿ ನಿಂತಿತು. ನನ್ನ ನೆಲವಲ್ಲದಿದ್ದರೆ ಭೀಮಶಿಯ ನೆಲವಾದರೂ ಆದೀತು ಎಂದರು, ನನ್ನನ್ನು ಇನ್ನು ಒಂದು ಫರ್ಲಾಂಗೂ ಮುಂದೆ ಒಯ್ಯಲು ಪ್ರಯಾಣಿಕರು ತಯಾರಿರಲಿಲ್ಲ. ಹಣಮಪ್ಪನ ಗುಡಿಯ ಮುಂದೆ ಎರಡೂ ಊರಿನವರು ಕೂಡಿದ್ದರು. ಜೋಕಾಲಿ ಆಡುತ್ತಿದ್ದ ಹೆಣ್ಣುಮಕ್ಕಳು ಇಳಿದು ಬಂದರು. ನೀಲವ್ವ ಎಲ್ಲರ ಮುಂದೆ ಇದ್ದಳು. ನಾನು ಬಸ್ಸಿನಿಂದ ಇಳಿದೆ. ಮುಷ್ಟಿ ಬಿಚ್ಚಿದೆ. ಹಣ್ಣು ಕಂಡಿತು. ಕೈಯಲ್ಲಿ ಹಿಡಿದು ತಂದ ಹಣ್ಣು, ಸೋತದ್ದು ಎಲ್ಲರಿಗೂ ತಿಳಿಯಿತು.

ಮಲಕಾಜಪ್ಪ ಕಾಕಾ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವರು ಕೊರಳಿನಿಂದ ಹಲಗೆಯ ಪಟ್ಟಿ ತೆಗೆದರು. ತಮ್ಮ ಧೋತರದ ಚುಂಗಿನಿಂದ ಅದರ ಮುಖ ಒಮ್ಮೆ ಒರೆಸಿದರು. ಭೀಮಶಿಯ ಕೈಗೆ ಕೊಡುವಾಗ, "ಮಳಿ ಬಂದಾಗ ನೆಲದ ಮ್ಯಾಲ ಇಡಬ್ಯಾಡಪ್ಪಾ, ಥಂಡಿ ಹಿಡೀತೈತಿ," ಎಂದರು. ಕೊಟ್ಟ ಮೇಲೂ ಅವರ ಕೈ ಅದರ ಮೇಲೆಯೇ ಇತ್ತು. ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ನನ್ನ ಬಾಯಿಯ ಸಲುವಾಗಿ ಒಬ್ಬ ಮುದುಕನ ಜೀವವನ್ನೇ ಕಿತ್ತು ಕೊಟ್ಟಂತಾಗಿತ್ತು.

ಆಗ ನೀಲವ್ವ ನಡುವೆ ಬಂದು ನಿಂತಳು.

"ಭೀಮಶಿ, ಪಂಚಮಿಗೆ ಅಕ್ಕ ಕೇಳಿದ್ದು ಕೊಡಬೇಕೋ ಬ್ಯಾಡೋ?"

"ಕೊಡಬೇಕಕ್ಕ. ಅದಕ್ಕ ಇಳಕಲ್ ಸೀರಿ ತಂದೇನಲ್ಲ. ನೀ ಕೇಳಿದ ಬಣ್ಣದ್ದ."

"ಸೀರಿ ನೀನ ಇಟಗೋ. ನನಗ ಈ ಹಲಗಿ ಬೇಕು."

ಭೀಮಶಿ ಕಣ್ಣು ಕಣ್ಣು ಬಿಟ್ಟ. "ಅಕ್ಕಾ, ಇದು ಪಣದ್ದು. ಊರಿನ ಮರ್ಯಾದಿ ಪ್ರಶ್ನಾ ಐತಿ."

"ತವರಮನಿಗೆ ಬಂದ ಹೆಣ್ಣಮಗಳನ್ನ ಬರಿಗೈಲೆ ಕಳಸೂದು ಯಾವ ಊರಿನ ಮರ್ಯಾದಿ? ಗೆದ್ದೀರಿ, ಹಲಗಿ ತಗೊಂಡ್ರಿ, ಅಲ್ಲಿಗೆ ಪಣ ಮುಗೀತು. ಈಗ ಅದು ನಿಂದು. ನಿಂದು ಅಂತನ ನಾ ಕೇಳಾಕತ್ತೇನಿ!"

ಮಡ್ಡಿಹಾಳದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬರು, "ಕೊಟ್ಟಬಿಡಪಾ ಭೀಮಶಿ. ಹಬ್ಬದ ದಿನ ಮನಿ ಮಗಳ ಕೂಡ ವಾದ ಬ್ಯಾಡ," ಎಂದರು. ಅವನು ಹಲಗೆಯನ್ನು ಅಕ್ಕನ ಉಡಿಗೆ ಹಾಕಿದ. ಹಾಕುವಾಗ ಅವನ ಮುಖದಲ್ಲಿ ನಗು ಇತ್ತು ಎಂದು ಇವತ್ತಿಗೂ ನನ್ನ ಗುಮಾನಿ. ಕಾಕಾ ರುಮಾಲಿನಲ್ಲಿ ಕಣ್ಣು ಒರೆಸಿಕೊಂಡು, "ಮಳಿ ಹನಿ ಕಣ್ಣಾಗ ಬಿತ್ತು" ಎಂದರು. ಮಳೆ ನಿಂತು ಬಹಳ ಹೊತ್ತಾಗಿತ್ತು.

ಹಲಗೆಯನ್ನು ಗಂಡಸರ ಕೈಗೆ ಕೊಡಲು ನೀಲವ್ವ ಒಪ್ಪಲಿಲ್ಲ. "ನಿಮ್ಮ ಕೈಯಾಗ ಕೊಟ್ರ ಅದೂ ಇಂಡಿಗೆ ಹೊಕ್ಕೈತಿ," ಎಂದು ತಾನೇ ಮಡಿಲಲ್ಲಿ ಇಟ್ಟುಕೊಂಡು ಗಾಡಿಯ ಮುಂದೆ ಕುಳಿತಳು. ನಾನು ಅವಳ ಉಂಡಿಯ ಡಬ್ಬಿ ಹೊತ್ತುಕೊಂಡು ಹಿಂದೆ ನಡೆದೆ. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: "ಇಳಕಲ್ ಸೀರಿ ಇನ್ನ ನಿಮ್ಮ ಮ್ಯಾಲ ಬಂತು ನೋಡ್ರಿ." ಸಂಜೆ ಅಗಸಿಯಲ್ಲಿ ಆರತಿ ತಂದರು. ಎಲ್ಲ ಅವಳಿಗೇ.

ಕಟ್ಟೆಯ ಮೇಲೆ ಓಣಿಯ ಸಭೆ ಕೂಡಿತು. ಮಲಕಾಜಪ್ಪ ಕಾಕಾ ಎದ್ದು ನಿಂತು ಗಂಟಲು ಸರಿ ಮಾಡಿಕೊಂಡರು.

"ಇವತ್ತಿನಿಂದ ಓಣಿ ಮಾನ ಮರ್ಯಾದಿ ಸಂಬಂಧದ ಯಾವ ಮಾತಿಗೂ ಸಂಗ್ಯಾನ ಕೇಳಬಾರದು. ಅವನ ಹೇಣ್ತೀನ ಕೇಳಬೇಕು. ಒಪ್ಪಿಗಿ ಇದ್ದವರು ಕೈ ಎತ್ತರಿ!"

ಓಣಿಯ ಕೈಗಳೆಲ್ಲ ಮೇಲೆದ್ದವು. ಮುದುಕರು, ಹೆಂಗಸರು, ಹಿಂದಿನ ವರ್ಷದ ಪೈಲ್ವಾನ, ಎಲ್ಲರೂ ಎತ್ತಿದರು. ನನಗೂ ಮನಸ್ಸಿನಿಂದ ಒಪ್ಪಿಗೆ ಇತ್ತು. ಆದರೆ ಎಡಗೈಯಲ್ಲಿ ಉಂಡಿಯ ಡಬ್ಬಿ, ಬಲಗೈ ಭುಜದಿಂದ ಮೇಲೆ ಏಳಲೊಲ್ಲದು. ಎಷ್ಟು ತಿಣುಕಿದರೂ ಸೊಂಟದ ಹತ್ತಿರವೇ ನಿಂತಿತು.

"ಸಂಗ್ಯಾನ ಕೈ ಕಾಣವಲ್ದು. ಅವಂದು ವಿರೋಧ ಐತೇನು?" ಎಂದು ಕಾಕಾ ಹುಬ್ಬು ಏರಿಸಿದರು.

ನೀಲವ್ವ ಎದ್ದು ಬಂದಳು. ನನ್ನ ಬಲ ಮಣಿಕಟ್ಟನ್ನು ಹಿಡಿದಳು.

"ಇಲ್ರಿ ಕಾಕಾ, ಇವರದೂ ಪೂರಾ ಒಪ್ಪಿಗಿ ಐತಿ," ಎಂದು ಹೇಳಿ ಕೈಯನ್ನು ಝಗ್ಗನೆ ಮೇಲೆತ್ತಿದಳು.

"ಅಯ್ಯಯ್ಯೋ ಯವ್ವಾ!" ಎಂದು ನಾನು ಕಿರುಚಿದೆ. ಓಣಿಯವರು ಅದನ್ನು ಜಯಕಾರವೆಂದು ತಿಳಿದು ಚಪ್ಪಾಳೆ ಹೊಡೆದರು, ಹಲಗೆ ಶುರುವಾಯಿತು.